ಭಾರ ತಾಗದ ರಿಮೋಟು

ಅಪಾಯದ ಜಾಗಕ್ಕೆ ಮನುಷ್ಯ ಇಳಿಯಬಾರದು, ದೂರ ಕೂತು ಯಂತ್ರದಿಂದ ಕೆಲಸ ತೆಗೆಯಬೇಕು ಎಂಬ ಹೊಸ ವಿಜ್ಞಾನದ ಬಗ್ಗೆ ದೊಡ್ಡ ಊರುಗಳಲ್ಲಿ ವಿಚಾರ ಸಂಕಿರಣಗಳು ನಡೆಯುತ್ತವಂತೆ. ಚಹಾ, ಬಿಸ್ಕೀಟು, ಪರದೆಯ ಮೇಲೆ ಚಿತ್ರ, ಕೊನೆಗೆ ಶಾಲು. ಜುಗೂಳದವರನ್ನು ಒಂದು ಮಾತು ಕೇಳಿದ್ದರೆ ಶಾಲಿನ ಖರ್ಚಾದರೂ ಉಳಿಯುತ್ತಿತ್ತು. ಕೃಷ್ಣಾ ದಂಡೆಯ ಈ ಊರಲ್ಲಿ ಆ ವಿಜ್ಞಾನ ಹೊರಸಿನ ಮೇಲೆ ಮಲಗಿ ಗೊರಕೆ ಹೊಡೆಯುವಷ್ಟು ಹಳೆಯದಾಗಿದೆ.

ನಮ್ಮ ಕಾಕಾನನ್ನೇ ನೋಡಿ. ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟು ಬರುತ್ತದೆ. ಮೊದಲಾದರೆ ಕಾಕಾ ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ಕಬ್ಬಿನ ನಡುವಿನ ಹಾದಿಯಲ್ಲಿ ಕೋಲು ಬಡಿಯುತ್ತ ಹೊಳೆಯ ತನಕ ನಡೆಯಬೇಕಿತ್ತು. ಹಾದಿಯಲ್ಲಿ ಹಾವು, ದಂಡೆಯಲ್ಲಿ ಮೊಸಳೆಯ ಭಯ, ಪೆಟ್ಟಿಗೆಯಲ್ಲಿ ತೊಯ್ದ ಸ್ಟಾರ್ಟರು. ಮೂರರಲ್ಲಿ ಯಾವುದು ಮೊದಲು ಮುಟ್ಟುತ್ತದೋ ದೇವರೇ ಬಲ್ಲ. ಈಗ ಹಾಗಿಲ್ಲ. ತಲೆದಿಂಬಿನ ಕೆಳಗಿನ ಫೋನು ತೆಗೆದು ಒಂದು ನಂಬರ್ ಒತ್ತಿದರೆ ಒಂದು ಕಿಲೋಮೀಟರ್ ಆಚೆ ಹೊಳೆಯಲ್ಲಿ ಮೋಟರ್ ಗುಯ್ಯೆನ್ನುತ್ತದೆ. ಪೆಟ್ಟಿಗೆಯೊಳಗಿನ ಹೆಣ್ಣು ದನಿ, ‘ಮೋಟರ್ ಚಾಲೂ ಆಗಿದೆ’ ಎಂದು ವರದಿ ಒಪ್ಪಿಸುತ್ತದೆ. ಕಾಕಾ ಮಗ್ಗಲು ಬದಲಿಸುತ್ತಾನೆ. ಪುಣೆಯ ಎಂಜಿನಿಯರ್ ಸಂತೋಷ ಓಸ್ತವಾಲ್ ತಮ್ಮ ಅಜ್ಜ ಅಪರಾತ್ರಿಯಲ್ಲಿ ಪಂಪ್ ಹಚ್ಚಲು ಪಡುತ್ತಿದ್ದ ಪಾಡು ನೋಡಿ ‘ನ್ಯಾನೊ ಗಣೇಶ’ ಎಂಬ ಇಂಥದೊಂದು ಡಬ್ಬಿ ಮಾಡಿದರು. ಈಗ ಹತ್ತಾರು ಕಂಪನಿಗಳ ಹತ್ತಾರು ಡಬ್ಬಿಗಳಿವೆ. ಅಜ್ಜನ ಮೇಲಿನ ಕರುಣೆಯಿಂದ ಹುಟ್ಟಿದ ಯಂತ್ರ ಎಂಬುದನ್ನು ಮಾತ್ರ ನೆನಪಿಡಿ. ಮುಂದೆ ಕರುಣೆ ಎಲ್ಲೂ ಸಿಗುವುದಿಲ್ಲ.

ಯಾಕೆಂದರೆ ಹೊಳೆ ಬಟನ್ನಿಗೆ ಬಗ್ಗುವುದಿಲ್ಲ. ಅಂತರಗಂಗೆ, ಕಬ್ಬಿನ ರವದಿ, ಮೇಲಿನ ಊರಿನ ಪ್ಲಾಸ್ಟಿಕ್ಕು ಎಲ್ಲ ತೇಲಿ ಬಂದು ಪೈಪಿನ ತುದಿಯ ಫುಟ್‌ವಾಲಿನ ಬಾಯಿಗೆ ಮೆತ್ತಿಕೊಳ್ಳುತ್ತದೆ. ಮೋಟರ್ ತಾನಾಗಿಯೇ ನಿಂತು, ನೀರು ಎಳೆಯುತ್ತಿಲ್ಲ ಎಂದು ಫೋನಿಗೆ ತಿಳಿಸುತ್ತದೆ. ಆಗ ಕಾಕಾ ಎರಡನೇ ನಂಬರ್ ಒತ್ತುತ್ತಾನೆ. ಅದು ‘ಮೋಟರ್ ಹುಡುಗ’ ಎಂದು ಸೇವ್ ಆಗಿದೆ. ಹುಡುಗನಿಗೆ ಐವತ್ತು ದಾಟಿದೆ. ಅವನು ಹಾವಿನ ಹಾದಿಯಲ್ಲೇ ನಡೆದು, ಮೊಸಳೆಯ ಹೊಳೆಗೇ ಇಳಿದು, ಮೂಗು ಹಿಡಿದು ಮುಳುಗಿ, ಕತ್ತಲ ನೀರಲ್ಲಿ ಕೈಯಾಡಿಸಿ ಕಸ ಕಿತ್ತು ಮೇಲೇಳುತ್ತಾನೆ. ಕಾಕಾ ಮತ್ತೆ ಮೊದಲನೇ ನಂಬರ್ ಒತ್ತುತ್ತಾನೆ.

ಎರಡು ನಂಬರು, ಎರಡು ಯಂತ್ರ. ಹೊರಸು ಒಂದೇ.

ಈ ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಜ್ಞಾನಕ್ಕೆ ಒಳ್ಳೆಯದು. ಮೋಟರಿಗೆ ಹೆಚ್ಚು ಭಾರ ಬಿದ್ದರೆ ಓವರ್‌ಲೋಡ್ ರಿಲೇ ಬೀಳುತ್ತದೆ. ಒಂದು ಫೇಸ್ ಹೋದರೆ ನಿಲ್ಲಿಸಲು ಪ್ರಿವೆಂಟರ್ ಇದೆ. ನೀರಿಲ್ಲದೆ ಓಡಬಾರದೆಂದು ಡ್ರೈರನ್ ರಕ್ಷಣೆ ಇದೆ. ಡಬ್ಬಿಯ ಸಿಮ್ಮಿಗೆ ಅವಧಿ ಮುಗಿಯುವ ಎರಡು ದಿನ ಮೊದಲೇ ಕಾಕಾ ರೀಚಾರ್ಜ್ ಮಾಡಿಸುತ್ತಾನೆ. ‘ಹುಡುಗ’ನಿಗೆ ಹೆಚ್ಚು ಭಾರ ಬಿದ್ದರೆ ಬೀಳುವುದು ಅವನೇ. ಅವನ ಸಿಮ್ಮಿನ ರೀಚಾರ್ಜೂ ಅವನದೇ. ಬ್ಯಾಲನ್ಸ್ ಮುಗಿದು ಫೋನು ಹತ್ತದಿದ್ದರೆ, ‘ಭಾಳ ಸೊಕ್ಕ ಬಂದೈತಿ ಮಗ್ಗ’ ಎಂಬ ಬೈಗುಳ ಮಾತ್ರ ಮಾಲಕರ ಕಡೆಯಿಂದ ಪುಕ್ಕಟೆ.

ದೂರದಿಂದ ಅಪಾಯ ಮುಟ್ಟುವ ಈ ವಿದ್ಯೆಯನ್ನು ಅಮೆರಿಕದವರು ಬಹಳ ತಡವಾಗಿ ಕಂಡುಕೊಂಡರು, ಪಾಪ. 1940ರ ದಶಕದ ಕೊನೆಗೆ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ಎಂಬ ವಿಜ್ಞಾನಿ, ವಿಕಿರಣ ಸೂಸುವ ವಸ್ತುವನ್ನು ದಪ್ಪ ಗೋಡೆಯ ಈಚೆ ನಿಂತು ಎತ್ತಿ ಇಳಿಸಲು ಜೋಡಿ ಕೈಗಳನ್ನು ಮಾಡಿದ. ಈಚೆಯ ಹಿಡಿಕೆಯಲ್ಲಿ ಮನುಷ್ಯ ಬೆರಳು ಮಡಚಿದರೆ ಆಚೆ ಲೋಹದ ಬೆರಳು ಮಡಚುತ್ತದೆ. ಎಂಜಿನಿಯರುಗಳು ಇಟ್ಟ ಹೆಸರು ಕೇಳಿ: ಈಚೆಯದು ‘ಮಾಸ್ಟರ್’, ಆಚೆಯದು ‘ಸ್ಲೇವ್’. ಅಂದರೆ ಮಾಲಕನ ಕೈ, ಆಳಿನ ಕೈ. ಅಷ್ಟು ಉಕ್ಕು, ಅಷ್ಟು ತಂತಿ, ಅಷ್ಟು ಗಣಿತ ಖರ್ಚು ಮಾಡಿ ಅವರು ಮುಟ್ಟಿದ್ದು ನಮ್ಮ ಊರ ಗೌಡರ ಕಟ್ಟೆಯನ್ನು.

ಆದರೆ ಗೋರ್ಟ್ಜನ ಯಂತ್ರದಲ್ಲಿ ಒಂದು ಗುಣವಿತ್ತು. ಆಳಿನ ಕೈ ಎತ್ತಿದ ಭಾರ ಮಾಲಕನ ಕೈಗೂ ತಾಗುತ್ತಿತ್ತು. ಆಚೆಯ ಬೆರಳು ಗೋಡೆಗೆ ಒತ್ತಿದರೆ ಈಚೆಯ ಬೆರಳಿಗೆ ಒತ್ತುತ್ತಿತ್ತು. ಕೈಗಳ ನಡುವಿನ ತಂತಿಯ ಜಾಗಕ್ಕೆ ವಿದ್ಯುತ್ತು ಬಂದಾಗ ಈ ತಾಗುವಿಕೆ ಕಳೆದುಹೋಗದಂತೆ 1954ರಲ್ಲಿ ಆತ ಮತ್ತೆ ಕುಳಿತು ಹೊಸ ಜೋಡಣೆ ಮಾಡಿದ. ಭಾರ ತಾಗದಿದ್ದರೆ ಮಾಲಕ ಗಾಜಿನ ಸೀಸೆಯನ್ನು ಗೊತ್ತಿಲ್ಲದೆ ಒಡೆದುಬಿಡುತ್ತಾನೆ ಎಂಬುದು ಆ ಮನುಷ್ಯನಿಗೆ ತಿಳಿದಿತ್ತು. ನಮ್ಮ ಕಡೆಯ ಮಾಡೆಲ್ಲಿನಲ್ಲಿ ಎಲ್ಲ ಇದೆ, ಇದೊಂದು ಪಾರ್ಟು ಇಲ್ಲ. ಬಟನ್ನಿನಿಂದ ಹುಕುಂ ಹೋಗುತ್ತದೆ, ಭಾರ ಹಿಂದಕ್ಕೆ ಬರುವುದಿಲ್ಲ.

ಕರ್ನಾಟಕಕ್ಕೆ ಬುದ್ಧಿ ಇಲ್ಲ ಎನ್ನಬೇಡಿ. ಉತ್ತರ ಕನ್ನಡದ ಕಾಡಿನಲ್ಲಿ ಕೈಗಾ ಇದೆ. ಅಲ್ಲಿ ರಿಯಾಕ್ಟರ್ ಓಡುತ್ತಿರುವಾಗಲೇ ಒಂದು ಬದಿಯ ಯಂತ್ರ ಹೊಸ ಯುರೇನಿಯಂ ಕಟ್ಟನ್ನು ಒಳಗೆ ನೂಕುತ್ತದೆ, ಇನ್ನೊಂದು ಬದಿಯ ಯಂತ್ರ ಉರಿದ ಕಟ್ಟನ್ನು ಹಿಡಿದುಕೊಳ್ಳುತ್ತದೆ. ಮನುಷ್ಯರೆಲ್ಲ ಗೋಡೆಯಾಚೆ, ಪರದೆಯ ಮುಂದೆ. ಆ ನಾಜೂಕಿನಿಂದಲೇ ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರ ತನಕ 962 ದಿನ ನಿಲ್ಲದೆ ಓಡಿ ಜಗತ್ತಿನ ದಾಖಲೆ ಬರೆಯಿತು. ಅದೇ ಕೈಗಾದಲ್ಲಿ 2009ರ ನವೆಂಬರಿನಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸುರಿದರು. ನೌಕರರ ಮೂತ್ರ ಪರೀಕ್ಷೆಯಲ್ಲಿ ಅದು ಸಿಕ್ಕಿಬಿತ್ತು, ದಿಲ್ಲಿಯ ತನಕ ಗದ್ದಲವಾಯಿತು. ಗದ್ದಲ ಆಗಬೇಕಾದ್ದೇ. ನನ್ನ ಬೆರಗು ಬೇರೆ. ಅಲ್ಲಿ ಮನುಷ್ಯರ ಮೂತ್ರವನ್ನು ಕ್ರಮವಾಗಿ ಪರೀಕ್ಷಿಸುವ ಪದ್ಧತಿಯಾದರೂ ಇದೆ. ಅಂದರೆ ಅಪಾಯ ಮೈಯೊಳಗೆ ಎಷ್ಟು ಇಳಿಯಿತೆಂದು ಅಳೆಯುತ್ತಾರೆ. ಯುರೇನಿಯಂ ಮುಟ್ಟಲು ಯಂತ್ರ ಕಳಿಸುವ ರಾಜ್ಯವೇ ಗಟಾರ ಮುಟ್ಟಲು ಮನುಷ್ಯನನ್ನು ಇಳಿಸುತ್ತದೆ, ಇಳಿದವನನ್ನು ಅಳೆಯುವುದು ಪಂಚನಾಮೆಯ ದಿನ.

ವಿದ್ಯೆಗೆ ಕೊರತೆಯಿಲ್ಲವೆಂದಾದ ಮೇಲೆ ಕೊರತೆ ಯಾವುದರದು? ಅದಕ್ಕೆ ಎರಡು ಪರದೇಶದ ಕಥೆ ಹೇಳುತ್ತೇನೆ. 1986ರಲ್ಲಿ ಚೆರ್ನೋಬಿಲ್ ಸ್ಫೋಟಿಸಿದಾಗ ಮಾಳಿಗೆಯ ಮೇಲೆ ಬಿದ್ದ ವಿಕಿರಣದ ಗ್ರಾಫೈಟ್ ತುಂಡುಗಳನ್ನು ಕೆಳಗೆ ನೂಕಲು ಯಂತ್ರಗಳನ್ನು ಹತ್ತಿಸಿದರು. ಪಶ್ಚಿಮ ಜರ್ಮನಿಯಿಂದ ತರಿಸಿದ ಯಂತ್ರದ ಎಲೆಕ್ಟ್ರಾನಿಕ್ಸು ವಿಕಿರಣಕ್ಕೆ ಸುಟ್ಟು ಅದು ಅಲ್ಲೇ ಸತ್ಯಾಗ್ರಹ ಹೂಡಿತು. ಆಗ ಮೂರು ಸಾವಿರಕ್ಕೂ ಹೆಚ್ಚು ಸೈನಿಕರ ಕೈಗೆ ಸನಿಕೆ ಕೊಟ್ಟು, ಒಬ್ಬೊಬ್ಬರಿಗೆ ಒಂದೆರಡು ನಿಮಿಷದಂತೆ ಓಡಿಸಿದರು. ಅವರಿಗಿಟ್ಟ ಹೆಸರು ‘ಬಯೋರೋಬೋ’. ಇನ್ನೊಂದು ಜಪಾನಿನದು. 2011ರಲ್ಲಿ ಫುಕುಶಿಮಾ ಕರಗಿತು. ಒಳಗೆ ಸುಮಾರು 880 ಟನ್ ಕರಗಿದ ಇಂಧನ ಗಟ್ಟಿಯಾಗಿ ಕೂತಿದೆ. ಗಾಳದ ಕೋಲಿನಂತಹ ಉದ್ದನೆಯ ಯಂತ್ರ ತೂರಿಸಿ 2024ರ ನವೆಂಬರಿನಲ್ಲಿ ಅದರಿಂದ ಮೊದಲ ಚೂರು ಹೊರತೆಗೆದರು. ತೂಕ ಮುಕ್ಕಾಲು ಗ್ರಾಮಿಗೂ ಕಡಿಮೆ. ಅದಕ್ಕೂ ಮೊದಲು ಆಗಸ್ಟಿನಲ್ಲಿ, ಪೈಪುಗಳನ್ನು ತಪ್ಪು ಸರತಿಯಲ್ಲಿ ಜೋಡಿಸಿದ್ದಾರೆಂದು ಕೆಲಸವನ್ನೇ ನಿಲ್ಲಿಸಿದ್ದರು. ಹದಿಮೂರು ವರ್ಷಕ್ಕೆ ಒಂದು ಚಿಟಿಕೆ! ನಮ್ಮ ಗುತ್ತಿಗೆದಾರರಿಗೆ ವಹಿಸಿದ್ದರೆ ಎರಡು ಬಕೀಟು, ಒಂದು ಹಗ್ಗ, ನಾಲ್ಕು ಮಂದಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಬಿಲ್ಲು.

ಜಪಾನಿನವರು ಸಾವಕಾಶ ಮಾಡಿದ್ದು ಮೈಗಳ್ಳತನದಿಂದಲ್ಲ. ಅಲ್ಲಿ ಇಳಿಸಲು ಮನುಷ್ಯ ಸಿಗುವುದಿಲ್ಲ. ಸಿಕ್ಕರೂ ಬೆಲೆ ಕೈಗೆಟುಕುವುದಿಲ್ಲ. ಯಂತ್ರ ಬರುವುದು ಅಪಾಯ ಹೆಚ್ಚಿದ್ದಲ್ಲಿಗೆ ಎಂದು ನಾವು ತಿಳಿದಿದ್ದೇವೆ. ಅದು ಬರುವುದು ಮನುಷ್ಯ ತುಟ್ಟಿಯಾದಲ್ಲಿಗೆ.

ನಂಬಿಕೆ ಇಲ್ಲದಿದ್ದರೆ ಕಾಗವಾಡದಿಂದ ಅಥಣಿಯ ತನಕ ಸುಗ್ಗಿಯಲ್ಲಿ ಒಮ್ಮೆ ತಿರುಗಿ ಬನ್ನಿ. ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಆಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಸುತ್ತೆಲ್ಲ ಚಿಮಣಿಗಳೇ. ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟರೆ ಕಣ್ಣು ತಂಪಾಗುತ್ತದೆ. ಗಾಡಿಯನ್ನು ಯಂತ್ರ ತೂಗುತ್ತದೆ, ಕಬ್ಬನ್ನು ಯಂತ್ರ ಎತ್ತುತ್ತದೆ, ಕತ್ತರಿಸುತ್ತದೆ, ಹಿಂಡುತ್ತದೆ, ರಸ ಕಾಯಿಸುತ್ತದೆ. ಕಂಟ್ರೋಲ್ ರೂಮಿನಲ್ಲಿ ಎಸಿ ಹಾಕಿಕೊಂಡು ಇಲಿ ಹಿಡಿದು ಕುಳಿತವರು ಉಗಿಯ ಒತ್ತಡ ನೋಡುತ್ತಾರೆ. ಚೀಲಕ್ಕೆ ಬೀಳುವ ತನಕ ಸಕ್ಕರೆಗೆ ಮನುಷ್ಯರ ಕೈ ತಾಗುವುದಿಲ್ಲ. ಗೇಟಿನ ಹೊರಗೆ? ಬೀಜ ಹೂಳುವುದರಿಂದ ಗಾಡಿಗೆ ಹೇರುವ ತನಕ ಬರೀ ಕೈ. ಗಾಣ ಒಂದು ತಾಸು ನಿಂತರೆ ಎಷ್ಟು ಲುಕ್ಸಾನು ಎಂಬುದು ಕಾರ್ಖಾನೆಗೆ ಪೈಸೆಯ ತನಕ ಗೊತ್ತು. ಬೆನ್ನು ನಿಂತರೆ ಎಷ್ಟು ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಆ ಬೆನ್ನುಗಳು ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಬರುತ್ತವೆ. ಟ್ರ್ಯಾಕ್ಟರಿನಲ್ಲಿ ಪಾತ್ರೆ, ಕೋಳಿ, ಕೂಸುಗಳ ಸಮೇತ ಬಂದಿಳಿದು ಹೊಲದ ಬದಿಯಲ್ಲಿ ಗುಡಿಸಲು ಹಾಕುವ ಗ್ಯಾಂಗುಗಳು. ಅವರನ್ನು ಎಣಿಸುವ ರೀತಿ ಗಮನಿಸಿ. ಗಂಡ, ಹೆಂಡತಿ ಸೇರಿದರೆ ‘ಒಂದು ಕೊಯ್ತಾ’. ಒಬ್ಬರೇ ಬಂದರೆ ‘ಅರ್ಧ ಕೊಯ್ತಾ’. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗ್ಯಾಂಗು ಕರೆತರುವ ಮುಕಾದಮನ ವಹಿಯಲ್ಲಿ ಮನುಷ್ಯರಿಲ್ಲ, ಆಯುಧಗಳಿವೆ. ಮಳೆಗಾಲದಲ್ಲೇ ‘ಉಚಲ್’ ಎಂಬ ಮುಂಗಡ ಕೊಟ್ಟಿರುತ್ತಾನೆ. ಒಂದು ದಿನ ಮಲಗಿದರೆ ‘ಖಾಡಾ’ ಎಂದು ದಂಡ ಹಾಕುತ್ತಾನೆ. ಮುಟ್ಟು, ಬಸಿರು, ಹೊಟ್ಟೆನೋವು ಎಲ್ಲವೂ ಖಾಡಾ. ಆದ್ದರಿಂದ ಯಂತ್ರ ಕೆಡದಂತೆ ಮೊದಲೇ ಸರ್ವಿಸಿಂಗ್ ಮಾಡಿಸುತ್ತಾರೆ: 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡದ 82 ಸಾವಿರ ಕಬ್ಬು ಕಡಿಯುವ ಹೆಣ್ಣುಮಕ್ಕಳ ಮಾಹಿತಿ ತೆಗೆದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ಇರಲಿಲ್ಲ. ಸುಗ್ಗಿಗೆ ಬೇಡದ ಪಾರ್ಟು, ತೆಗೆಸಿ ಬಂದಿದ್ದರು. ಆ ಕಬ್ಬಿನ ಸಕ್ಕರೆಗೆ ಕೈ ತಾಗಿಲ್ಲ ಎಂದು ನಾವು ಚೀಲದ ಮೇಲೆ ಹೆಮ್ಮೆ ಪಡುತ್ತೇವೆ.

ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಒಂದು ನಾಟಕ ಬರೆದು ‘ರೋಬೋಟ್’ ಎಂಬ ಮಾತನ್ನು ಜಗತ್ತಿಗೆ ಕೊಟ್ಟ. ಮಾತು ಹೊಳೆಸಿದ್ದು ಅವನ ಅಣ್ಣ ಯೋಸೆಫ್. ಅವರ ಭಾಷೆಯಲ್ಲಿ ‘ರೊಬೊಟಾ’ ಎಂದರೆ ಜಮೀನುದಾರನ ಹೊಲದಲ್ಲಿ ಕಡ್ಡಾಯವಾಗಿ ದುಡಿಯುವುದು. ನಮ್ಮ ಕಡೆ ಅದಕ್ಕೆ ಬಿಟ್ಟಿ ಬೇಗಾರಿ ಎನ್ನುತ್ತಾರೆ. ಅಂದಮೇಲೆ ಈ ಸೀಮೆಗೆ ರೋಬೋ ಯಾವಾಗ ಬರುತ್ತದೆ ಎಂದು ಕೇಳುವುದು, ಹೊಳೆ ದಂಡೆಯಲ್ಲಿ ನಿಂತು ನೀರು ಯಾವಾಗ ಬರುತ್ತದೆ ಎಂದು ಕೇಳಿದಂತೆ.

ಉಕ್ಕಿನ ರೋಬೋ ಕೂಡ ಬಂದಿದೆ, ಸುಳ್ಳು ಹೇಳಬಾರದು. ಕೋಟಿ ರೂಪಾಯಿಯ ಆಸುಪಾಸಿನ ಕಬ್ಬು ಹಾರ್ವೆಸ್ಟರು ಈಗ ಹೊಲಕ್ಕಿಳಿಯುತ್ತದೆ. ಡ್ರೈವರು ಗಾಜಿನ ಕೋಣೆಯಲ್ಲಿ ತಂಪಾಗಿ ಕೂತಿರುತ್ತಾನೆ, ಹಾವಿಗೆ ಕೆಳಗೆ ಕೆಲಸವಿಲ್ಲ. ಗರ್ಭಕೋಶದ ವರದಿ ಓದಿ ಯಾರೋ ಕಣ್ಣೀರಿಟ್ಟು ಅದನ್ನು ತರಿಸಿದರು ಎಂದುಕೊಂಡಿರಾ? ಗ್ಯಾಂಗು ಬರುವುದು ಕಡಿಮೆಯಾಯಿತು. ಗ್ಯಾಂಗು ತರುತ್ತೇವೆಂದು ಉಚಲ್ ಇಸಿದುಕೊಂಡ ಮುಕಾದಮರು ಫೋನು ಬಂದ್ ಮಾಡಿಕೊಂಡು ನಾಪತ್ತೆಯಾದರು. ಬಂದವರು ಕಬ್ಬಿನವನ ಹತ್ತಿರ ಮೇಲಿನ ಲಗಾಣಿ ಕೇಳತೊಡಗಿದರು. ಕೊಯ್ತಾ ತುಟ್ಟಿಯಾದ ದಿನ ಹಾರ್ವೆಸ್ಟರು ಅಗ್ಗವಾಯಿತು. ಅಷ್ಟೇ ಶಾಸ್ತ್ರ.

ಇನ್ನು ಗಟಾರ. 2015ರಲ್ಲಿ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕಾರ್ಮಿಕರು ಉಸಿರು ಕಟ್ಟಿ ಸತ್ತರು. ಉಳಿಸಲು ಹೋದ ಆಟೊ ಚಾಲಕ ನೌಷಾದ್ ಕೂಡ ಸತ್ತರು. ಆಮೇಲೆ ಕೇರಳದ ಎಳೆಯ ಎಂಜಿನಿಯರುಗಳ ಜೆನ್‌ರೋಬೋಟಿಕ್ಸ್ ಕಂಪನಿ 2018ರಲ್ಲಿ ಗಟಾರಕ್ಕೆ ಇಳಿಯುವ ಯಂತ್ರ ಹೊರತಂದಿತು. ಹೆಸರು ‘ಬ್ಯಾಂಡಿಕೂಟ್’, ಅಂದರೆ ಹೆಗ್ಗಣ. ಮನುಷ್ಯ ಹೆಗ್ಗಣದ ಕೆಲಸ ಮಾಡುವುದನ್ನು ತಪ್ಪಿಸಲು ಹೆಗ್ಗಣವನ್ನೇ ಮಾಡಿದರು. ಒಳ್ಳೆಯ ಹೆಗ್ಗಣ, ಕ್ಯಾಮೆರಾ ಇದೆ, ಕೈ ಇದೆ. ಆದರೆ ಹೆಗ್ಗಣ ಬರಬೇಕಾದರೆ ಟೆಂಡರ್ ಕರೆಯಬೇಕು, ಠರಾವು ಆಗಬೇಕು, ಅನುದಾನ ಬರಬೇಕು. ಮನುಷ್ಯ ಬರಬೇಕಾದರೆ ಒಂದು ಮಿಸ್ ಕಾಲ್ ಸಾಕು.

ಕಾನೂನು ಇಲ್ಲವೇ? ಬೇಕಾದಷ್ಟಿದೆ. 1948ರ ಫ್ಯಾಕ್ಟರಿ ಕಾಯ್ದೆಯ 36ನೇ ಕಲಮು ವಿಷಗಾಳಿಯ ಟಾಕಿ, ಗುಂಡಿ, ಪೈಪುಗಳಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸಬಾರದೆಂದಿತು. ಮಲ ಹೊರುವುದನ್ನು 1993ರಲ್ಲಿ ಒಮ್ಮೆ ನಿಷೇಧಿಸಿದೆವು. ಮೊದಲ ನಿಷೇಧಕ್ಕೆ ಬೇಸರವಾಗಬಾರದೆಂದು 2013ರಲ್ಲಿ ಇನ್ನೊಮ್ಮೆ ನಿಷೇಧಿಸಿದೆವು. ಸುಪ್ರೀಂ ಕೋರ್ಟು ಮಾತ್ರ ರೋಗದ ನಾಡಿ ಹಿಡಿಯಿತು. ಗಟಾರದಲ್ಲಿ ಸತ್ತವನ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು 2014ರಲ್ಲಿ ಹೇಳಿದ್ದನ್ನು, 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಬೋಧನೆಯಿಂದ ಬರದ ಯಂತ್ರ ಬೆಲೆಯಿಂದ ಬಂದೀತೆಂದು ನ್ಯಾಯಮೂರ್ತಿಗಳಿಗೆ ಅನ್ನಿಸಿರಬೇಕು. ನಮ್ಮವರು ಅದಕ್ಕೂ ದಾರಿ ಕಂಡುಕೊಂಡರು. ಸತ್ತವನನ್ನು ‘ಕಾಲುಜಾರಿ ಬಿದ್ದವನು’ ಎಂದು ಬರೆಸಿದರೆ ಆಯಿತು, ಕಾಲು ಜಾರುವುದಕ್ಕೆ ಯಾವ ಕೋರ್ಟೂ ದರ ಕಟ್ಟಿಲ್ಲ.

ಮಾಲಕನ ಕೈ, ಆಳಿನ ಕೈ ಎಂಬುದು ಒಂದೇ ಮೆಟ್ಟಿಲಿನದಲ್ಲ. ನಮ್ಮ ಕಾಕಾ ಕೂಡ ಇನ್ನೊಬ್ಬರ ಬಟನ್ನಿನ ತುದಿಯಲ್ಲಿ ಕುಳಿತವನೇ. ಸಹ್ಯಾದ್ರಿಯಲ್ಲಿ ಮಳೆ ಜೋರಾದರೆ ಕೊಯ್ನಾದಲ್ಲಿ ಯಾರೋ ಗೇಟು ಎತ್ತುತ್ತಾರೆ. ರಾಜಾಪುರ ಬ್ಯಾರೇಜಿನಿಂದ ಇಂತಿಷ್ಟು ಕ್ಯುಸೆಕ್ ಎಂದು ಟಿವಿಯಲ್ಲಿ ಪಟ್ಟಿ ಓಡುತ್ತದೆ. ಜುಗೂಳ, ಮಂಗಾವತಿ, ಶಹಾಪುರದವರು ದನ, ಕಾಳು, ಮುದುಕರನ್ನು ಎತ್ತಿಕೊಂಡು ಓಡುತ್ತೇವೆ. 2005, 2019, 2021, ಎಣಿಸಲು ಬೆರಳಿವೆ. ಗೇಟು ಎತ್ತಿದವನ ಕೈಗೆ ಆ ಮುದುಕಿಯ ಭಾರ ತಾಗುವುದಿಲ್ಲ. ಆಗ ಕಾಕಾ ಕಟ್ಟೆಯ ಮೇಲೆ ನಿಂತು ಸರ್ಕಾರಕ್ಕೆ ಕರುಳಿಲ್ಲ ಎಂದು ಮುಷ್ಟಿ ಬಿಗಿಯುತ್ತಾನೆ. ನ್ಯಾಯವೇ. ಮುಷ್ಟಿಯಲ್ಲಿ ಎರಡು ನಂಬರಿನ ಫೋನು ಇರುತ್ತದೆ.

ಹೋದ ಮಳೆಗಾಲದಲ್ಲಿ ನೀರು ಏರುವ ಸುದ್ದಿ ಬಂತು. ಹೊಳೆಯ ಮೋಟರುಗಳನ್ನು ಎತ್ತಿ ಮೇಲೆ ತರಬೇಕು. ಮೋಟರಿಗೆ ಎಲ್ಲ ಬುದ್ಧಿ ಇದ್ದರೂ ಎದ್ದು ನಡೆಯುವ ಬುದ್ಧಿ ಕೊಟ್ಟಿಲ್ಲ. ಎರಡನೇ ನಂಬರಿಗೆ ಫೋನು ಹೋಯಿತು. ‘ಹುಡುಗ’ ಬಂದ. ಎದೆಮಟ್ಟದ ಕೆಂಪು ನೀರಲ್ಲಿ ನಿಂತು ಪಾನಾದಿಂದ ನಟ್ಟು ಬಿಚ್ಚಿ, ಮೋಟರಿಗೆ ಹಗ್ಗ ಬಿಗಿದು, ಮತ್ತಿಬ್ಬರನ್ನು ಕೂಗಿ ದಂಡೆಗೆ ಎಳೆದ. ಆಮೇಲೆ ಅಲ್ಲೇ ಕೆಸರಲ್ಲಿ ಕೂತು ಅಂಗೈ ನೋಡಿಕೊಂಡ. ಹಗ್ಗ ಉಜ್ಜಿ ತೊಗಲು ಎದ್ದಿತ್ತು. ಕಾಕಾ ಮೊದಲು ಮೋಟರಿನ ಮೈ ಸವರಿ, ಕೇಬಲ್ಲು ತುಂಡಾಗಿಲ್ಲವೆಂದು ಖಾತ್ರಿ ಮಾಡಿಕೊಂಡ.

‘ಎಷ್ಟ ಕೊಡ್ಲಿ?’

‘ಸಾವಿರ ಕೊಡ್ರಿ ಮಾಲಕರ. ನೀರ ಭಾಳ ಸೆಳವ ಇತ್ತ.’

‘ಸಾವಿರ? ಐನೂರ ತಗೋ. ಹಿಂಗ ಮಾಡಿದ್ರ ನಾಳೆ ನಾನೂ ಒಂದ ಮಿಷನ್ ತರಿಸಿಬಿಡ್ತೀನಿ ನೋಡ. ಆಮ್ಯಾಲ ನಿನ್ನ ಯಾವ ನಾಯಿ ಮೂಸಂಗಿಲ್ಲ.’

ಅವನು ಐನೂರರ ನೋಟನ್ನು ತೊಯ್ಯದಂತೆ ಟೋಪಿಯೊಳಗೆ ಇಟ್ಟುಕೊಂಡ. ಕಾಕಾ ಮೋಟರಿನ ಮೇಲೆ ತಾಡಪತ್ರಿ ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲು ಇಡುತ್ತಿದ್ದ. ಹೋದ ವರ್ಷ ಸೊಸೈಟಿಯ ಸಾಲದಲ್ಲಿ ತಂದ ಮೋಟರು, ಇನ್ನೂ ಎರಡು ಕಂತು ಬಾಕಿ.

‘ತರಸ್ರಿ ಮಾಲಕರ’ ಎಂದ ಅವನು, ಏಳುತ್ತ. ‘ನನ್ನೂ ಸಾಲದ ಮ್ಯಾಲ ತಗೋಬೇಕಿತ್ರಿ ನೀವು. ಕಂತ ಮುಗಿಯೂ ತನಕ ಆದ್ರೂ ಜ್ವಾಕಿ ಮಾಡ್ತಿದ್ರಿ.’